ಹೋರಾಟದ ಹಾಡಿಗೆ ಕಿವಿಗೊಡುವ ಬಗೆ

ಸುಗಮ ಸಂಗೀತಕ್ಕೆ ಪಳಗಿದ ಕಿವಿಗೆ ಹೋರಾಟದ ಹಾಡಿನಲ್ಲಿ ಮೊದಲು ಸಿಗುವುದು ಕೊರತೆಗಳೇ. ಶ್ರುತಿ ಜಾರುತ್ತದೆ, ಗಂಟಲು ಒಡೆದಿರುತ್ತದೆ, ಮೈಕು ಕಿರುಚುತ್ತದೆ. ಹೊಸಬರು ಮುಖ್ಯ ಗಾಯಕರನ್ನು ಅಷ್ಟಕ್ಕೇ ಬಿಟ್ಟು, ಹಿಂದೆ ಸೊಲ್ಲು ಎತ್ತಿಕೊಳ್ಳುವವರತ್ತ ಕಿವಿ ತಿರುಗಿಸಬೇಕು. ಒಬ್ಬರು ಹೇಳಿಕೊಟ್ಟ ಸಾಲನ್ನು ಗುಂಪು ಮರಳಿ ಹಾಡುವುದು ಸೋಬಾನೆಯಲ್ಲಿ, ಕೋಲಾಟದಲ್ಲಿ ಹಳ್ಳಿಗೆ ರೂಢಿಯಿದ್ದ ಕ್ರಮ. ಪಲ್ಲವಿ ಎರಡನೇ ಸಲ ಬರುವಷ್ಟರಲ್ಲಿ ದಾರಿಹೋಕರೂ ದನಿಗೂಡಿಸಿದರೆ ಹಾಡು ಗೆದ್ದಂತೆ.

ಕನ್ನಡದಲ್ಲಿ ಈ ಹಾಡಿಗೆ ಕಸುವು ಬಂದದ್ದು 1970ರ ದಶಕದಲ್ಲಿ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಗಲಾಟೆಯೆದ್ದಿತು, ಅವರು ರಾಜೀನಾಮೆ ಕೊಡಬೇಕಾಯಿತು. ಆ ಬಿಸಿಯಲ್ಲೇ ದಲಿತ ಯುವಕರು ಒಗ್ಗೂಡಿದರು, ಮುಂದೆ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. 1975ರಲ್ಲಿ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಕವನ ಸಂಕಲನ ಬಂತು. ಪುಸ್ತಕ ಕೊಳ್ಳಲಾಗದವರಿಗೆ, ಓದಲು ಬಾರದವರಿಗೆ ಅದು ಬಾಯಿಂದ ಬಾಯಿಗೆ ದಾಟಿತು. ಅದೇ ಹೊತ್ತಿಗೆ ಹುಟ್ಟಿದ ‘ಸಮುದಾಯ’ ರಂಗ ಸಂಘಟನೆಯ ಬೀದಿ ನಾಟಕ, ಜಾಥಾಗಳೂ ಹಾಡನ್ನು ಊರೂರಿಗೆ ಹೊತ್ತವು.

‘ಹೊಲೆಮಾದಿಗರ ಹಾಡು’ ಸಂಕಲನದ ‘ನನ್ನ ಜನಗಳು’ ಕವಿತೆಯನ್ನು ಗಮನಿಸಬೇಕು. ಹಸಿದವರು, ಕಲ್ಲು ಹೊತ್ತವರು, ಒದೆ ತಿಂದವರು ಹೀಗೆ ಅದೊಂದು ಪಟ್ಟಿ. ಸಾಲುಗಳು ಗಿಡ್ಡ, ಕೊನೆಗಳಲ್ಲಿ ಒಂದೇ ನಾದ. ರೂಪಕಗಳನ್ನು ಹುಡುಕುವ ಕಾವ್ಯರಸಿಕರಿಗೆ ಸಪ್ಪೆ ಎನಿಸಬಹುದು. ಗುಂಪು ಹಾಡಿದಾಗ ಮಾತ್ರ, ಪಟ್ಟಿಯಲ್ಲಿರುವವರೇ ತಮ್ಮ ಹಾಜರಿ ಕೂಗಿದಂತೆ ಕೇಳುತ್ತದೆ.

ಇನ್ನು ತಮಟೆ. ಮರದ ಬಳೆಗೆ ಬಿಗಿದ ಚರ್ಮವನ್ನು ಬೆಂಕಿಯ ಮುಂದೆ ಕಾಯಿಸಿದರೆ ನಾದ ಏರುತ್ತದೆ, ತಣಿದರೆ ಮಂಕಾಗುತ್ತದೆ. ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ಸಣ್ಣ ಕಡ್ಡಿ. ದಪ್ಪ ಕೋಲಿನ ಪೆಟ್ಟು ನಡಿಗೆಗೆ, ಕಡ್ಡಿಯ ಚಿಟಚಿಟ ಉದ್ವೇಗಕ್ಕೆ. ಎರಡನ್ನೂ ಬೇರೆಬೇರೆಯಾಗಿ ಕೇಳುವುದು ಒಳ್ಳೆಯ ಅಭ್ಯಾಸ. ಆದರೆ ಈ ನಾದಕ್ಕೆ ಕಹಿ ನೆನಪೂ ಇದೆ. ಜಾತ್ರೆಯಲ್ಲಿ, ಸಾವಿನ ಮನೆಯಲ್ಲಿ ತಮಟೆ ಬಡಿಯುವುದು ದಲಿತರ ಮೇಲೆ ಹೇರಿದ ಚಾಕರಿಯಾಗಿತ್ತು. ಹಾಗಾಗಿ ಅದನ್ನು ಕೆಳಗಿಡಿ ಎಂಬ ಕರೆ ಚಳವಳಿಯೊಳಗಿಂದಲೇ ಬಂತು. ಇನ್ನು ಕೆಲವರು ಅದೇ ತಮಟೆಯನ್ನು ಮೆರವಣಿಗೆಯ ಮುಂದಕ್ಕೆ ತಂದರು. ಎರಡು ನಿಲುವೂ ಸರಿಯೇ; ಈ ಜಗಳ ಗೊತ್ತಿಲ್ಲದೆ ತಾಳಕ್ಕೆ ತಲೆದೂಗುವವರು ಅರ್ಧ ಹಾಡನ್ನಷ್ಟೇ ಕೇಳಿರುತ್ತಾರೆ.

ಹಾಡಿನಿಂದಲೇ ಸಮಾಜ ಬದಲಾಯಿತು ಎಂದರೆ ಅತಿಯಾದೀತು. ಭೂಮಿಗಾಗಿ, ಕೂಲಿಗಾಗಿ ಹೋರಾಡಿದ್ದು ಸಂಘಟನೆ. ಹಾಡು ಮಾಡಿದ್ದು ಬೇರೆ ಕೆಲಸ: ಊರ ನಡುವಿನ ಬೀದಿಯಲ್ಲಿ ದನಿಯೆತ್ತಲು ಹೆದರುತ್ತಿದ್ದವರಿಗೆ ಹತ್ತು ಜನರ ಜೊತೆ ಬಾಯಿಬಿಡುವ ಧೈರ್ಯ ಕೊಟ್ಟಿತು.

ಸ್ಟುಡಿಯೊದಲ್ಲಿ ಕೀಬೋರ್ಡು, ಕೊಳಲು ಸೇರಿಸಿ ನುಣುಪು ಮಾಡಿದ ಧ್ವನಿಮುದ್ರಿಕೆಗಳು ಪದ ಕಲಿಯಲು ಸಾಕು, ರುಚಿಗೆ ಸಾಲವು. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಮೆರವಣಿಗೆಗೆ ಅರ್ಧ ಗಂಟೆ ಮುಂಚೆ ಹೋದರೆ, ತಮಟೆ ಕಾಯಿಸುವುದರಿಂದಲೇ ಕೇಳಲು ಶುರುಮಾಡಬಹುದು.