ಅರಳುಮರಳಿನ ಆರೈಕೆ: ನಮ್ಮ ಸಾಹಿತ್ಯ ಕಂಡದ್ದು, ಕಾಣದೆ ಬಿಟ್ಟದ್ದು

ಗಡಿನಾಡಿನ ಸಾಹಿತ್ಯ ಸಮಾವೇಶಗಳಲ್ಲಿ ಕನ್ನಡದ ಅಳಿವು ಉಳಿವಿನ ಚರ್ಚೆ ನಡೆಯುವುದು ವಾಡಿಕೆ. ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಕನ್ನಡ, ನಾಮಫಲಕದಲ್ಲಿ ಕನ್ನಡ ಎಂದು ನಾವು ದಶಕಗಳಿಂದ ಹೋರಾಡುತ್ತ ಬಂದಿದ್ದೇವೆ. ಕನ್ನಡವು ಎಲ್ಲ ಅಳಿದ ಮೇಲೂ ಉಳಿದಿರುವ ಒಂದು ಎಡೆಯಿದೆ. ಅದು ಮರೆವಿನ ಕಾಯಿಲೆಗೆ ತುತ್ತಾದ ಮುದಿಜೀವದ ನಾಲಗೆ. ಅಂತಹ ಜೀವವನ್ನು ಮನೆಯಲ್ಲಿಟ್ಟುಕೊಂಡು ಸಲಹುವ ಕಾರ್ಯವನ್ನು ನಮ್ಮ ಕಾದಂಬರಿಕಾರರೂ ಚಿತ್ರಕಾರರೂ ಹೇಗೆ ಕಂಡಿದ್ದಾರೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದದ ವಿಚಾರ. ವೈದ್ಯರು ಡಿಮೆನ್ಷಿಯಾ ಎನ್ನುವುದನ್ನು ನಮ್ಮ ಜನ ಬಹುಕಾಲದಿಂದ ಅರಳುಮರಳು ಎಂದು ಕರೆಯುತ್ತಾರೆ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯಲ್ಲಿ ವಾತ್ಸಲ್ಯವೂ ಇದೆ, ಉಪೇಕ್ಷೆಯೂ ಇದೆ. ವರಕವಿ ಬೇಂದ್ರೆಯವರು ಈ ಪದವನ್ನೇ ತಮ್ಮ ಕವನ ಸಂಪುಟಕ್ಕೆ ಹೆಸರಾಗಿಟ್ಟರು. 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅರಳು ಮರಳು’ ಅದು. ಮುಪ್ಪಿನ ಬುದ್ಧಿಭ್ರಮಣೆಯನ್ನು ಹೇಳುವ ಮಾತು ಅವರ ಕೈಯಲ್ಲಿ ಮರಳಿ ಅರಳುವುದರ ಸೂಚನೆಯೂ ಆಯಿತು. ಕವಿಗೆ ಈ ಶ್ಲೇಷೆ ಒಪ್ಪುತ್ತದೆ. ಆದರೆ ದಿನಬಳಕೆಯಲ್ಲಿ ಆ ಶಬ್ದ ನಮಗೆ ಮಾಡಿದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ವಯಸ್ಸಾದರೆ ಹೀಗೆಯೇ ಎಂದು ನಕ್ಕು ಸುಮ್ಮನಾಗಲು ಅದು ಅವಕಾಶ ಕೊಟ್ಟಿತು. ಜರ್ಮನಿಯ ವೈದ್ಯ ಆಲ್ಜೈಮರ್ 1906ರಲ್ಲಿಯೇ ಇದರ ಒಂದು ಬಗೆಯನ್ನು ಮಿದುಳಿನ ಕಾಯಿಲೆಯೆಂದು ವಿವರಿಸಿದ್ದರೂ, ನಮ್ಮ ಜಗಲಿಗಳಲ್ಲಿ ಅದು ವಯೋಧರ್ಮವಾಗಿಯೇ ಉಳಿಯಿತು. ವಯೋಧರ್ಮವಾದದ್ದಕ್ಕೆ ಆರೈಕೆಯ ಕ್ರಮವನ್ನು ಯಾರೂ ಕಲಿಯಬೇಕಾಗಿಲ್ಲವಷ್ಟೆ!

ಇನ್ನು ಕೃತಿಗಳಿಗೆ ಬರೋಣ. ಮನೆಯಲ್ಲಿ ನಡೆಯುವ ರೋಗಿಯ ಆರೈಕೆಯಿಂದಲೇ ಆರಂಭವಾಗುವ ಕನ್ನಡ ಕಾದಂಬರಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965). ಅದನ್ನು ಬ್ರಾಹ್ಮಣ್ಯದ ವಿಮರ್ಶೆಯಾಗಿ, ಅಸ್ತಿತ್ವವಾದಿ ಕೃತಿಯಾಗಿ ಓದಿದವರು ಬಹಳ. ಮೊದಲ ಪುಟವನ್ನು ಆರೈಕೆಯ ಚಿತ್ರವಾಗಿ ಓದಿದವರು ಕಡಿಮೆ. ಪ್ರಾಣೇಶಾಚಾರ್ಯರು ಹಾಸಿಗೆ ಹಿಡಿದ ಮಡದಿ ಭಾಗೀರಥಿಗೆ ಸ್ನಾನ ಮಾಡಿಸುತ್ತಾರೆ, ಸೀರೆ ಉಡಿಸುತ್ತಾರೆ, ಉಣಿಸುತ್ತಾರೆ. ಇಪ್ಪತ್ತು ವರ್ಷಗಳಿಂದ ನಡೆದುಬಂದ ಕ್ರಮವಿದು. ಗಂಡಸೊಬ್ಬನು ಇಂತಹ ಕೆಲಸ ಮಾಡುವ ದೃಶ್ಯವೇ ನಮ್ಮ ಸಾಹಿತ್ಯದಲ್ಲಿ ಅಪರೂಪ. ಆದರೆ ಅನಂತಮೂರ್ತಿಯವರ ದೃಷ್ಟಿ ತೀಕ್ಷ್ಣವಾದದ್ದು. ಆಚಾರ್ಯರಿಗೆ ಈ ಸೇವೆ ಒಂದು ತಪಸ್ಸು, ಮೋಕ್ಷಕ್ಕೆ ಸೋಪಾನ. ರೋಗಿಯಾದ ಹೆಂಡತಿ ಅವರ ಪುಣ್ಯದ ಯಜ್ಞವೇದಿ. ಚಂದ್ರಿಯ ಸಂಪರ್ಕವಾದ ಬಳಿಕ ಹಿಂತಿರುಗಿದಾಗ ಅವರಿಗೆ ಮೊದಲ ಬಾರಿಗೆ ಆ ಕೃಶ ದೇಹ ಕಾಣುತ್ತದೆ, ಕಂಡು ಜುಗುಪ್ಸೆಯೂ ಆಗುತ್ತದೆ. ಅಲ್ಲಿಯವರೆಗೆ ದಿನಾಲೂ ಮುಟ್ಟುತ್ತಿದ್ದ ದೇಹವನ್ನು ಅವರು ನೋಡಿಯೇ ಇರಲಿಲ್ಲ! ಸೇವೆಯನ್ನು ಸಾಧನೆಯಾಗಿಸಿಕೊಂಡವನಿಗೆ ಸೇವೆ ಪಡೆಯುವವರು ಮರೆಯಾಗುತ್ತಾರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಕನ್ನಡ ಗದ್ಯವನ್ನು ನಾನು ಓದಿಲ್ಲ. ಆದರೆ ಕಾದಂಬರಿಯೂ ಅಲ್ಲಿಗೇ ನಿಲ್ಲುತ್ತದೆ. ಭಾಗೀರಥಿ ಮೊದಲು ವೇದಿಯಾಗಿದ್ದಳು, ಆಮೇಲೆ ದೇಹವಾದಳು, ಮತ್ತೆ ಪ್ಲೇಗಿಗೆ ತುತ್ತಾಗಿ ಚಿತೆಯೇರಿದಳು. ಇಪ್ಪತ್ತು ವರ್ಷ ಇನ್ನೊಬ್ಬರ ಕೈಯಿಂದ ಉಂಡ ಹೆಂಗಸಿನ ಒಳಗನ್ನು ಅರಿಯುವ ವ್ಯವಧಾನ ಆಚಾರ್ಯರಿಗೂ ಇಲ್ಲ, ಕಥನಕ್ಕೂ ಇಲ್ಲ.

ಆ ವ್ಯವಧಾನ ಶಿವರಾಮ ಕಾರಂತರಿಗೆ ಇತ್ತು. ‘ಮೂಕಜ್ಜಿಯ ಕನಸುಗಳು’ (1968) ಕೃತಿಗೆ 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದುದು ಎಲ್ಲರಿಗೂ ತಿಳಿದ ಸಂಗತಿ. ಮೂಕಜ್ಜಿಗೆ ಮರೆವಿನ ಕಾಯಿಲೆಯಿಲ್ಲ. ಅವಳ ನೆನಪು ಇತಿಹಾಸಪೂರ್ವಕ್ಕೂ ಚಾಚುವಂತಹದು. ಆದರೂ ಪ್ರಸ್ತುತ ವಿಷಯಕ್ಕೆ ಆ ಕೃತಿ ಹತ್ತಿರದ್ದು. ಬಾಲವಿಧವೆಯಾಗಿ ಬಾಳು ಸವೆಸಿದ ಮುದುಕಿ ತನ್ನಷ್ಟಕ್ಕೆ ಏನನ್ನೋ ಆಡಿಕೊಂಡರೆ ಊರವರು ಅದನ್ನು ಅಜ್ಜಿಯ ಹುಚ್ಚೆಂದು ತಳ್ಳಿಹಾಕುತ್ತಾರೆ. ಮೊಮ್ಮಗ ಸುಬ್ಬರಾಯನೊಬ್ಬನೇ ಕೂತು ಕೇಳುತ್ತಾನೆ. ಅವನು ತಿದ್ದುವುದಿಲ್ಲ, ಅವಸರಪಡಿಸುವುದಿಲ್ಲ, ಕೈಗೆ ಸಿಕ್ಕಿದ ವಸ್ತುವನ್ನು ಅವಳ ಕೈಯಲ್ಲಿಟ್ಟು ಕಾಯುತ್ತಾನೆ. ಮರೆವುಳ್ಳವರೊಡನೆ ಮಾತನಾಡುವಾಗ ತಿದ್ದಬೇಡಿ, ವಾದಿಸಬೇಡಿ, ಪರಿಚಿತ ವಸ್ತುಗಳ ಮೂಲಕ ನೆನಪನ್ನು ಮುಟ್ಟಿರಿ ಎಂದು ಇಂದಿನ ತಜ್ಞರು ಹೇಳುವ ಮಾತಿಗೂ ಸುಬ್ಬರಾಯನ ನಡತೆಗೂ ಎಷ್ಟು ಸಾಮ್ಯ! ವೃದ್ಧರ ಮಾತನ್ನು ಬಡಬಡಿಕೆಯೆಂದು ಬಿಡದೆ ಅರ್ಥವುಳ್ಳ ಮಾತೆಂದು ಭಾವಿಸಿ ಆಲಿಸುವ ಶೀಲವನ್ನು ಕನ್ನಡಕ್ಕೆ ಕಲಿಸಿದ ಕೃತಿಯಿದು.

ಹೀಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಸುಬ್ಬರಾಯ ಆಲಿಸುವ ಹೊತ್ತಿನಲ್ಲಿ ಒಲೆಯ ಮುಂದೆ ಇದ್ದವರು ಯಾರು? ಅವನ ಮಡದಿ ಸೀತೆ. ಅಜ್ಜಿಯೊಡನೆ ತತ್ತ್ವ ಮಾತನಾಡುವ ಭಾಗ್ಯ ಮೊಮ್ಮಗನದು. ಮನೆಯನ್ನು ನಡೆಸುವ ಹೊಣೆ ಅವಳದು. ‘ಮರಳಿ ಮಣ್ಣಿಗೆ’ಯಲ್ಲಿ ಹೆಂಗಸರ ದುಡಿಮೆಯನ್ನು ಅಷ್ಟು ನಿಷ್ಠುರವಾಗಿ ಕಂಡ ಕಾರಂತರು ಇಲ್ಲಿ ಅಜ್ಜಿಯ ಕಣ್ಣಿನಲ್ಲಿ ಜಗತ್ತನ್ನು ಕಾಣುವ ಭರದಲ್ಲಿ ಅಜ್ಜಿಯ ಸುತ್ತಲಿನ ಕೆಲಸವನ್ನು ಹಿನ್ನೆಲೆಗೆ ಸರಿಸಿದ್ದಾರೆ. ಇದನ್ನು ದೋಷವೆನ್ನಲಾರೆ, ಕೃತಿಯ ಉದ್ದೇಶ ಬೇರೆ. ಆದರೆ ಕೊರತೆಯೆಂದು ಗುರುತಿಸಲೇಬೇಕು.

ಮರೆವಿನ ಕಾಯಿಲೆಯನ್ನೇ ವಸ್ತುವಾಗಿ ಆರಿಸಿದ್ದು ಸಿನಿಮಾ. ಕಾಸರಗೋಡಿನವರಾದ ನಮಗೆ ಎರಡು ಭಾಷೆಯ ಚಿತ್ರಗಳೂ ಮನೆಯವೇ. ಮಲಯಾಳದಲ್ಲಿ ಬ್ಲೆಸ್ಸಿಯವರ ‘ತನ್ಮಾತ್ರ’ 2005ರಲ್ಲಿ ಬಂತು. ಕನ್ನಡದಲ್ಲಿ ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ 2016ರಲ್ಲಿ. ಮೊದಲನೆಯದರಲ್ಲಿ ಮೋಹನ್‌ಲಾಲ್ ಅಭಿನಯಿಸಿದ ಸರಕಾರಿ ನೌಕರ ರಮೇಶನ್ ನಾಯರ್ ಮಧ್ಯವಯಸ್ಸಿನಲ್ಲೇ ಸ್ಮೃತಿ ಕಳೆದುಕೊಳ್ಳುತ್ತಾನೆ. ಕಥೆ ನಡೆಯುವುದು ಮನೆಯೊಳಗೆ; ಹೆಂಡತಿ, ಮಗ, ಮುದಿ ತಂದೆ ಎಲ್ಲರೂ ಅದರ ಭಾರ ಹೊರುತ್ತಾರೆ. ಎರಡನೆಯದರಲ್ಲಿ ಅನಂತನಾಗ್ ಅವರ ವೆಂಕೋಬ ರಾವ್ ಬೆಂಗಳೂರಿನ ಆರೈಕೆ ಕೇಂದ್ರವೊಂದರಲ್ಲಿದ್ದಾರೆ, ಮಗ ಶಿವ ಮುಂಬಯಿಯಲ್ಲಿ. ಹೊರಗೆ ಕರೆದೊಯ್ದ ದಿನ ಮಗನ ಅಜಾಗ್ರತೆಯಿಂದ ತಂದೆ ಕಾಣೆಯಾಗುತ್ತಾರೆ.

ಚಿತ್ರದ ಹೆಸರೇ ಅದರ ವಿಮರ್ಶೆ. ಕಾಣೆಯಾದವರ ಪ್ರಕಟಣೆಯಲ್ಲಿ ಬರೆಯುವ ಈ ನಾಲ್ಕು ಮಾತು ಯಾರಿಗೂ ಹೊಂದುತ್ತದೆ, ಆದುದರಿಂದ ಯಾರನ್ನೂ ಗುರುತಿಸುವುದಿಲ್ಲ. ತನ್ನ ತಂದೆಯ ವಿಷಯದಲ್ಲಿ ಮಗನಿಗೆ ಗೊತ್ತಿದ್ದುದು ಅಷ್ಟೇ. ತಂದೆಯನ್ನು ನೋಡಿಕೊಂಡ ವೈದ್ಯೆ ಸಹನಾಳಿಗೆ ಅವರ ಬಾಳಿನ ಕಥೆಗಳು ಮಗನಿಗಿಂತ ಹೆಚ್ಚು ಗೊತ್ತು. ಹುಡುಕಾಟ ಸಾಗಿದಂತೆ ಮಗನು ತಂದೆಯನ್ನು ಅರಿಯತೊಡಗುತ್ತಾನೆ. ಮರೆತವರು ಯಾರು, ತಂದೆಯೋ ಮಗನೋ ಎಂಬ ಪ್ರಶ್ನೆಯನ್ನು ಚಿತ್ರ ಉಪದೇಶವಿಲ್ಲದೆ ಕೇಳುತ್ತದೆ. ಅನಂತನಾಗ್ ಅವರ ಅಭಿನಯದಲ್ಲಿ ಕರುಣೆಗೆ ಕೈಚಾಚುವ ಭಾವ ಎಲ್ಲಿಯೂ ಇಲ್ಲ. ಮರೆವಿನ ನಡುವೆಯೂ ಅವರು ಗೌರವಸ್ಥ ಗೃಹಸ್ಥರಾಗಿಯೇ ಉಳಿಯುತ್ತಾರೆ. ಆದರೂ ಇದು ಮಗನ ಪಶ್ಚಾತ್ತಾಪದ ಕಥೆ. ದಿನನಿತ್ಯದ ಆರೈಕೆ ಸಂಸ್ಥೆಯ ಗೋಡೆಯೊಳಗೆ ಉಳಿಯಿತು, ಪರದೆಗೆ ಬಂದುದು ಹುಡುಕಾಟ ಮಾತ್ರ. ಕಾಣೆಯಾದವರನ್ನು ಹುಡುಕುವುದು ಒಂದೆರಡು ದಿನದ ಕೆಲಸ. ಕಣ್ಣೆದುರಿಗೇ ಇದ್ದು ಕಾಣೆಯಾಗುತ್ತಿರುವವರ ಬಳಿ ಹತ್ತು ವರ್ಷ ಕೂರುವುದು ಬೇರೆಯೇ ಕೆಲಸ. ಆ ಭಾಗದಲ್ಲಿ ‘ತನ್ಮಾತ್ರ’ ಒಂದು ಹೆಜ್ಜೆ ಮುಂದಿದೆ ಎಂದು ಒಪ್ಪಿಕೊಳ್ಳುವುದರಲ್ಲಿ ಕನ್ನಡಿಗನಿಗೆ ಸಂಕೋಚ ಬೇಡ.

ಇಷ್ಟನ್ನು ನಾನು ಪುಸ್ತಕದ ಬಲದಿಂದ ಹೇಳಿದ್ದಲ್ಲ. ನನ್ನ ತಾಯಿ ಕೊನೆಯ ಏಳು ವರ್ಷ ಈ ಕಾಯಿಲೆಯಲ್ಲಿದ್ದರು. ನಮ್ಮ ಮನೆಮಾತು ಹವ್ಯಕ ಕನ್ನಡ. ಸಂಜೆಯಾದೊಡನೆ ಅವರು ಚಾವಡಿಯ ಕಂಬ ಹಿಡಿದು “ಎನಗೆ ಮನಗೆ ಹೋಯೆಕ್ಕು” ಎನ್ನುತ್ತಿದ್ದರು. ನಾನು ಮುಖ್ಯೋಪಾಧ್ಯಾಯ, ತಪ್ಪನ್ನು ತಿದ್ದುವುದು ಮೂವತ್ತು ವರ್ಷದ ಅಭ್ಯಾಸ. “ಇದುವೇ ನಿನ್ನ ಮನೆ ಅಬ್ಬೆ” ಎಂದು ದಿನಾಲೂ ತಿದ್ದಿದೆ. ಅವರು ದಿನಾಲೂ ಅತ್ತರು. ನನ್ನ ಮಡದಿ ಒಮ್ಮೆಯೂ ತಿದ್ದಲಿಲ್ಲ. “ಉಂಡಿಕ್ಕಿ ಹೋಪೊ ಅತ್ತೆ” ಎಂದು ಕೈಹಿಡಿದು ಒಳಗೆ ಕರೆದೊಯ್ಯುತ್ತಿದ್ದಳು. ಉಂಡಾಗುವಷ್ಟರಲ್ಲಿ ಮನೆಯ ನೆನಪು ಹಿಂದೆ ಸರಿಯುತ್ತಿತ್ತು. ಆ ದಿನಗಳಲ್ಲಿ ನಾನು ಮಕ್ಕಳಿಗೆ ‘ಮೂಕಜ್ಜಿ’ಯ ಆಲಿಸುವ ಗುಣವನ್ನು ಕೊಂಡಾಡಿ ಪಾಠ ಹೇಳುತ್ತಿದ್ದೆ. ಮನೆಯಲ್ಲಿ ಆಲಿಸಿದವಳು ಆ ಕಾದಂಬರಿಯನ್ನು ಓದದ ಹೆಂಗಸು. ರಾತ್ರಿ ಮೂರು ಬಾರಿ ಎದ್ದವಳೂ, ಒದ್ದೆ ಬಟ್ಟೆ ಒಗೆದವಳೂ ಅವಳೇ. ತಾಯಿಯ ಸೇವೆ ಮಾಡಿದ ಮಗನೆಂದು ಊರು ಹೊಗಳಿದ್ದು ನನ್ನನ್ನು. ಪ್ರಾಣೇಶಾಚಾರ್ಯರನ್ನು ವಿಮರ್ಶಿಸುವಾಗ ನನ್ನ ಲೇಖನಿ ತುಸು ತಡೆಯುವುದು ಈ ಕಾರಣದಿಂದ.

ಭಾಷೆಯ ವಿಚಾರವೂ ಇಲ್ಲಿಯೇ ಸೇರಿಕೊಂಡಿದೆ. ಹಲವು ಭಾಷೆ ಬಲ್ಲವರಲ್ಲಿ ಈ ಕಾಯಿಲೆ ಬಲಿತಂತೆ ಆಮೇಲೆ ಕಲಿತ ಭಾಷೆ ಮೊದಲು ಕಳಚಿ, ಬಾಲ್ಯದ ಭಾಷೆ ಕೊನೆಗೆ ಉಳಿಯುವುದನ್ನು ಅನೇಕ ಮನೆಗಳಲ್ಲಿ ಕಾಣುತ್ತೇವೆ. ಪೇಟೆಯಲ್ಲಿ ಸಲೀಸಾಗಿ ಮಲಯಾಳ ಮಾತನಾಡುತ್ತಿದ್ದ ನನ್ನ ತಾಯಿಗೆ ಕೊನೆಗೆ ಅದು ಪೂರ್ತಿ ಮರೆತುಹೋಯಿತು. ಈ ವಿಷಯದಲ್ಲಿ ಕೇರಳಕ್ಕೆ ನಾವು ಕೃತಜ್ಞರಾಗಿರಬೇಕು. 2008ರಲ್ಲಿಯೇ ಉಪಶಮನ ಚಿಕಿತ್ಸೆಗೆ ನೀತಿಯೊಂದನ್ನು ರೂಪಿಸಿ, ಪಂಚಾಯತುಗಳ ಮೂಲಕ ದಾದಿಯರನ್ನು ರೋಗಿಯ ಮನೆಬಾಗಿಲಿಗೆ ಕಳಿಸುವ ಏರ್ಪಾಡು ಮಾಡಿದ ರಾಜ್ಯವಿದು. ನಮ್ಮ ಮನೆಗೂ ದಾದಿಯೊಬ್ಬರು ಬರುತ್ತಿದ್ದರು, ಪ್ರೀತಿಯ ಹೆಣ್ಣುಮಗಳು. ಎಲ್ಲಿ ನೋವು ಎಂದು ಅವರು ಮಲಯಾಳದಲ್ಲಿ ಕೇಳಿದರೆ ತಾಯಿ ಅಪರಿಚಿತರ ಮುಂದೆ ಅಂಜುವ ಮಗುವಿನಂತೆ ಮುಖ ತಿರುಗಿಸುತ್ತಿದ್ದರು. ನಡುವೆ ನಿಂತು ದುಭಾಷಿಯಾಗುತ್ತಿದ್ದುದು ಪುನಃ ನನ್ನ ಮಡದಿ. ಕೆಲವು ವಾರಗಳಲ್ಲಿ ಆ ದಾದಿಯೇ “ಬೇನೆ ಇದ್ದಾ ಅಜ್ಜಿ?” ಎಂದು ಕಲಿತು ಕೇಳಿದರು. ತಾಯಿ ಮೊಣಕಾಲು ಮುಟ್ಟಿ ತೋರಿಸಿದರು. ಗಡಿನಾಡಿನಲ್ಲಿ ಕನ್ನಡ ಏಕೆ ಬೇಕು ಎಂಬ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಅದು. ಸೊಲ್ಲಾಪುರದ ಮನೆಯಲ್ಲಿ ಮರಾಠಿಯೊಡನೆ, ಹೊಸೂರಿನಲ್ಲಿ ತಮಿಳಿನೊಡನೆ, ಆದವಾನಿಯಲ್ಲಿ ತೆಲುಗಿನೊಡನೆ ಇದೇ ಪ್ರಸಂಗ ನಡೆಯುತ್ತಿರಲೇಬೇಕು.

ಹಾಗಾದರೆ ನಮ್ಮ ಸಾಹಿತ್ಯದ ಲೆಕ್ಕ ಹೀಗೆ ನಿಲ್ಲುತ್ತದೆ. ಆರೈಕೆಯನ್ನು ಪುಣ್ಯವಾಗಿಸಿಕೊಳ್ಳುವ ಅಪಾಯವನ್ನು ‘ಸಂಸ್ಕಾರ’ ಕಂಡಿದೆ. ವೃದ್ಧರ ಮಾತನ್ನು ಆಲಿಸುವ ಬಗೆಯನ್ನು ‘ಮೂಕಜ್ಜಿ’ ಕಂಡಿದೆ. ಆಲಿಸದ ಮಕ್ಕಳ ಪಶ್ಚಾತ್ತಾಪವನ್ನು ‘ಗೋಧಿ ಬಣ್ಣ’ ಕಂಡಿದೆ. ಆರೈಕೆ ಮಾಡುವ ಕೈಯನ್ನು, ಆ ಕೈಯ ಬೇಸರ, ಸಿಟ್ಟು, ಜಾಣ್ಮೆ, ನಿದ್ದೆಗೇಡುಗಳನ್ನು ಇವು ಕಂಡಿಲ್ಲ. ಹೆತ್ತವರ ಋಣ ಎಂಬ ದೊಡ್ಡ ಮಾತಿನ ಹಿಂದೆ ಆ ಕೈ ಮರೆಯಾಗಿದೆ. 2007ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆ ಮಕ್ಕಳ ಮೇಲೆ ಪೋಷಣೆಯ ಹೊಣೆಯನ್ನು ಹೊರಿಸಿತು. ಆದರೆ ಮನೆಯೊಳಗೆ ಆ ಹೊಣೆ ಯಾರ ಹೆಗಲಿಗೆ ಜಾರುತ್ತದೆ ಎಂಬುದನ್ನು ಕಾಯಿದೆ ತೋರಿಸಲಾರದು. ಅದನ್ನು ಕಥೆ ತೋರಿಸಬೇಕು.

ಆದಕಾರಣ ಈ ಸಮಾವೇಶದಲ್ಲಿ ನೆರೆದ ತರುಣ ಲೇಖಕರಲ್ಲಿ, ವಿಶೇಷವಾಗಿ ಲೇಖಕಿಯರಲ್ಲಿ, ನನ್ನದೊಂದು ವಿಜ್ಞಾಪನೆ. ನಿಮ್ಮ ಮನೆಗಳಲ್ಲಿ ನಡೆದ ಈ ಆರೈಕೆಯನ್ನು ಬರೆಯಿರಿ. ನಿಮ್ಮ ನಿಮ್ಮ ಮನೆಮಾತಿನಲ್ಲಿಯೇ ಬರೆಯಿರಿ. ಅದನ್ನು ತ್ಯಾಗವೆಂದು ಹೊಗಳಬೇಡಿ, ನಡೆದಂತೆ ಬರೆದರೆ ಸಾಕು. ಈ ಲೇಖನವನ್ನು ಮಡದಿಗೆ ಓದಿ ಹೇಳಿದಾಗ ಅವಳು ಒಂದೇ ತಿದ್ದುಪಡಿ ಸೂಚಿಸಿದಳು: ರಾತ್ರಿ ಏಳುತ್ತಿದ್ದುದು ಮೂರು ಬಾರಿಯಲ್ಲ, ಐದು ಬಾರಿ. ಪಕ್ಕದಲ್ಲಿಯೇ ಮಲಗಿದ್ದ ನನಗೆ ಅದು ಗೊತ್ತಿರಲಿಲ್ಲ. ಮೇಲೆ ಬರೆದ ಮೂರನ್ನು ಹಾಗೆಯೇ ಬಿಟ್ಟಿದ್ದೇನೆ. ಓದುಗರು ತಿದ್ದಿಕೊಳ್ಳಬೇಕಾಗಿ ವಿನಂತಿ.