ನೂರಾನಾಲ್ಕು ವಾರಕ್ಕೆ ಸಾಕ್ಷಿ ಯಾರು?

‘ಬಂಗಾರದ ಮನುಷ್ಯ’ ಎಷ್ಟು ವಾರ ಓಡಿತು ಅಂತ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ತಲೆ ನರೆತ ಯಾರನ್ನಾದರೂ ಕೇಳಿ. ಉತ್ತರ ಥಟ್ಟನೆ ಬರುತ್ತದೆ: ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ, ಲೆಕ್ಕ ಹಾಕಿದರೆ ನೂರಾನಾಲ್ಕು ವಾರ. ಹೇಳುವ ಧಾಟಿಯಲ್ಲಿ ಮನೆಮಗನ ಮೇಲಿನ ಹೆಮ್ಮೆಯೂ ಸೇರಿರುತ್ತದೆ. ಚಿತ್ರದ ನಿರ್ದೇಶಕ ಸಿದ್ಧಲಿಂಗಯ್ಯ ಹುಟ್ಟಿದ್ದು ಇದೇ ತರೀಕೆರೆಯಲ್ಲಿ, 1936ರಲ್ಲಿ. ಈಗ ಅದೇ ವಾಕ್ಯವನ್ನು ಹಾಗೇ ವಿಕಿಪೀಡಿಯದ ಪುಟಕ್ಕೆ ಸೇರಿಸಿ ನೋಡಿ. ಹೆಸರೂ ಗೊತ್ತಿಲ್ಲದ ಯಾರೋ ಬಂದು ಪಕ್ಕದಲ್ಲಿ ಸಣ್ಣದಾಗಿ ಅಂಟಿಸಿ ಹೋಗಬಹುದು: ‘ಸಾಕ್ಷ್ಯಾಧಾರ ಬೇಕಾಗಿದೆ’.

ಈ ಹವ್ಯಾಸದ ಇಡೀ ರುಚಿ ಇರುವುದು ಆ ಎರಡು ಪದಗಳಲ್ಲಿ. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಅಂದಿನಿಂದಲೂ ಸಂಬಳವಿಲ್ಲದೆ, ಬೈಲೈನ್ ಇಲ್ಲದೆ ದುಡಿಯುವವರ ಒಂದು ಚಿಕ್ಕ ಬಳಗ ಅದನ್ನು ನಡೆಸಿಕೊಂಡು ಬಂದಿದೆ. ಅವರು ಸೇರಿ ಮಾತಾಡುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದೇ ಹೆಸರು. ಅಲ್ಲಿನ ಸಿನಿಮಾ ಪುಟಗಳಲ್ಲಿ ಬಹಳಷ್ಟು ಇನ್ನೂ ‘ಚುಟುಕು’ಗಳೇ. ನಿರ್ದೇಶಕ, ನಿರ್ಮಾಪಕ, ನಾಯಕ, ನಾಯಕಿ, ವರ್ಷ, ಅಷ್ಟಕ್ಕೆ ಮುಗಿಯಿತು. ಮದುವೆ ಕರೆಯೋಲೆಯಲ್ಲಿ ಇದಕ್ಕಿಂತ ಹೆಚ್ಚು ವಿವರ ಇರುತ್ತದೆ.

ಇಂಥ ಪುಟವನ್ನು ಎತ್ತಿ ನಿಲ್ಲಿಸಲು ಹೊರಟವರು ಮೊದಲು ಮಾಡುವ ತಪ್ಪು ಹೊಗಳುವುದು. ‘ಅಭೂತಪೂರ್ವ’, ‘ಚಿತ್ರರಂಗದ ಮೈಲಿಗಲ್ಲು’, ‘ಮರೆಯಲಾಗದ ಅಭಿನಯ’. ನುರಿತ ಸಂಪಾದಕ ಬಂದು ಮೊದಲು ಇವನ್ನೆಲ್ಲ ಅಳಿಸುತ್ತಾನೆ. ಚಿತ್ರದ ಮೇಲೆ ಅವನಿಗೆ ಪ್ರೀತಿ ಇಲ್ಲ ಅಂತಲ್ಲ. ಎಷ್ಟೋ ಸಲ ಅವನೇ ದೊಡ್ಡ ಅಭಿಮಾನಿ. ಆದರೆ ವಿಶೇಷಣ ಅಳಿಸಿದ ಜಾಗದಲ್ಲಿ ಒಂದು ಅಂಕಿ, ಒಂದು ಹೆಸರು, ಒಂದು ಅಡಿಟಿಪ್ಪಣಿ ಕೂತಾಗ ಸಿಗುವ ಸುಖ ಅವನಿಗೆ ಗೊತ್ತು.

ಆ ನೂರಾನಾಲ್ಕು ವಾರವನ್ನೇ ತೆಗೆದುಕೊಳ್ಳಿ. ಅದನ್ನು ಹೇಳುವ ಲೇಖನಗಳಿಗೆ ಬರವಿಲ್ಲ, ಆದರೆ ಬಹುಪಾಲು ಚಿತ್ರ ಬಂದು ದಶಕಗಳಾದ ಮೇಲೆ ಬರೆದವು. ಒಂದನ್ನು ನೋಡಿ ಇನ್ನೊಂದು ಬರೆದದ್ದಿರಬಹುದು. ಇನ್ನೂ ಅಪಾಯದ ಸಂಗತಿ ಎಂದರೆ, ವಿಕಿಪೀಡಿಯದಲ್ಲಿ ಆಧಾರವಿಲ್ಲದೆ ಬಿದ್ದಿದ್ದ ಮಾತನ್ನು ಪತ್ರಿಕೆಯವರು ಎತ್ತಿಕೊಳ್ಳುತ್ತಾರೆ, ಆಮೇಲೆ ಆ ಪತ್ರಿಕೆಯನ್ನೇ ಆಧಾರವೆಂದು ವಿಕಿಪೀಡಿಯದಲ್ಲಿ ತೋರಿಸಲಾಗುತ್ತದೆ. ಗಟ್ಟಿ ಸಾಕ್ಷಿ ಬೇಕೆಂದರೆ 1972ರಿಂದ 74ರವರೆಗಿನ ದಿನಪತ್ರಿಕೆಗಳ ಸಿನಿಮಾ ಜಾಹೀರಾತು ನೋಡಬೇಕು. ಎಷ್ಟನೇ ವಾರ, ದಿನಕ್ಕೆ ಎಷ್ಟು ಆಟ, ಯಾವ ಟಾಕೀಸು ಎಂಬುದಕ್ಕೆ ಅಂದಿನ ಅಚ್ಚಿಗಿಂತ ದೊಡ್ಡ ಸಾಕ್ಷಿ ಇಲ್ಲ.

ಇದೇ ಚಿತ್ರದ ಬಗ್ಗೆ ಇನ್ನೊಂದು ಮಾತಿದೆ: ಇದನ್ನು ನೋಡಿ ಓದಿದ ಹುಡುಗರು ಪೇಟೆ ಬಿಟ್ಟು ಹಳ್ಳಿಗೆ ಮರಳಿ ಬೇಸಾಯಕ್ಕೆ ಇಳಿದರು ಎಂದು. ಇರಬಹುದು. ಕಡೂರು, ಬೀರೂರಿನ ಬಯಲಲ್ಲಿ ಮಳೆ ನಂಬಿ ಬದುಕುವವರಿಗೆ ಬಂಜರು ನೆಲ ಹಸಿರಾಗುವ ಕಥೆ ತಟ್ಟದೆ ಇರುವುದಾದರೂ ಹೇಗೆ? ಆದರೆ ‘ಎಂದು ಹೇಳಲಾಗುತ್ತದೆ’ ಎಂಬ ಬಾಲ ಹಚ್ಚಿದರೆ ಸಾಲದು. ಯಾರು ಹೇಳಿದರು, ಯಾವಾಗ, ಎಲ್ಲಿ? ಒಬ್ಬ ವಿಮರ್ಶಕ ಹೇಳಿದ್ದರೆ ಅವರ ಹೆಸರು ಹಾಕಿ. ಇಲ್ಲವಾದರೆ ಆ ಮಾತು ಬಸ್ ಸ್ಟ್ಯಾಂಡಿನಲ್ಲೇ ಚೆನ್ನಾಗಿರುತ್ತದೆ.

ಇಲ್ಲಿ ನಮ್ಮ ಸಣ್ಣ ಊರುಗಳಿಗೆ ಒಂದು ಅನುಕೂಲ ಇದೆ: ಹಾಡಿನ ಪುಸ್ತಕ. ಟೆಂಟ್ ಸಿನಿಮಾದ ಹೊರಗೆ ಪುಡಿಗಾಸಿಗೆ ಮಾರುತ್ತಿದ್ದ, ಪುಟ ಹಳದಿಯಾದ ಆ ಪುಸ್ತಕದಲ್ಲಿ ತಾರಾಗಣ, ತಂತ್ರಜ್ಞರು, ಯಾವ ಹಾಡು ಯಾರದ್ದು, ಎಲ್ಲವೂ ಅಚ್ಚಾಗಿರುತ್ತಿತ್ತು. ‘ಬಂಗಾರದ ಮನುಷ್ಯ’ಕ್ಕೆ ಹಾಡು ಬರೆದವರು ಹುಣಸೂರು ಕೃಷ್ಣಮೂರ್ತಿ, ಆರ್.ಎನ್. ಜಯಗೋಪಾಲ್ ಮುಂತಾಗಿ ಒಬ್ಬರಿಗಿಂತ ಹೆಚ್ಚು ಮಂದಿ. ಇಂಥ ಕಡೆ ಒಬ್ಬರ ಹಾಡು ಇನ್ನೊಬ್ಬರ ಹೆಸರಿಗೆ ಜಮಾ ಆಗುವುದು ಬಲು ಸುಲಭ. ವಿಕಿಪೀಡಿಯದ ನಿಯಮದಲ್ಲಿ ಅಜ್ಜಿಯ ನೆನಪು ಆಧಾರವಾಗುವುದಿಲ್ಲ, ಅಜ್ಜಿಯ ಟ್ರಂಕಿನಲ್ಲಿರುವ ಹಾಡಿನ ಪುಸ್ತಕ ಆಗುತ್ತದೆ. ನಿಯಮ ಕಠಿಣವೇ. ಆದರೂ ನನಗೆ ಅದು ಸರಿಯೆನಿಸುತ್ತದೆ.

ಕಥೆಯ ವಿಷಯಕ್ಕೆ ಬಂದರೆ ಮಾತ್ರ ಆ ಪುಸ್ತಕ ಕೈಕೊಡುತ್ತದೆ. ಅರ್ಧ ಕಥೆ ಹೇಳಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ನಿಲ್ಲಿಸಿಬಿಡುತ್ತಿತ್ತು. ವಿಶ್ವಕೋಶದ ಪದ್ಧತಿ ತದ್ವಿರುದ್ಧ. ಸಾಕಿ ಬೆಳೆಸಿದ ಮನೆಯನ್ನೇ ಬಿಟ್ಟು ನಾಯಕ ರಾಜೀವ ಕೊನೆಗೆ ಹೊರಟುಹೋಗುತ್ತಾನೆ ಎಂಬುದನ್ನು ಮುಚ್ಚಿಡುವಂತಿಲ್ಲ. ಕಥಾಸಾರಕ್ಕೆ ಚಿತ್ರವೇ ಆಧಾರ, ಬೇರೆ ಅಡಿಟಿಪ್ಪಣಿ ಬೇಡ. ಆದರೆ ಟಿ.ಕೆ. ರಾಮರಾವ್ ಅವರ ಕಾದಂಬರಿಗೂ ಚಿತ್ರಕ್ಕೂ ಏನು ವ್ಯತ್ಯಾಸ ಎಂದು ನೀವೇ ಹೋಲಿಸಿ ತೀರ್ಪು ಕೊಟ್ಟರೆ ಅದು ‘ಸ್ವಂತ ಸಂಶೋಧನೆ’. ಅದನ್ನು ಬೇರೆ ಕಡೆ ಪ್ರಕಟಿಸಿ, ಇಲ್ಲಿ ಬೇಡ.

ಹೆಸರಿನ ಗೊಂದಲ ಇನ್ನೊಂದು ಬಗೆಯದು. ಸಿದ್ಧಲಿಂಗಯ್ಯ ಎಂದು ಕೊಂಡಿ ಕೊಟ್ಟರೆ ಓದುಗ ದಲಿತ ಕವಿ ಸಿದ್ಧಲಿಂಗಯ್ಯನವರ ಪುಟಕ್ಕೆ ಹೋಗಿ ನಿಂತಾನು. ಆ ಕವಿಯೂ ಪುಟ್ಟಣ್ಣ ಕಣಗಾಲರ ‘ಧರಣಿ ಮಂಡಲ ಮಧ್ಯದೊಳಗೆ’ ಚಿತ್ರಕ್ಕೆ ಹಾಡು ಬರೆದವರು, ಹಾಗಾಗಿ ‘ಸಿನಿಮಾದ ಸಿದ್ಧಲಿಂಗಯ್ಯ’ ಅಂದರೂ ಪೂರ್ತಿ ಬಿಡಿಸಿದಂತಾಗುವುದಿಲ್ಲ. ‘ನಿರ್ದೇಶಕ’ ಎಂಬ ಗುರುತು ಸೇರಿಸಲೇಬೇಕು.

ನಿರ್ದೇಶಕರ ಜನ್ಮಸ್ಥಳ ಎಂದು ‘ತರೀಕೆರೆ, ಚಿಕ್ಕಮಗಳೂರು ಜಿಲ್ಲೆ’ ಬರೆಯುತ್ತೇವೆ. ಆದರೆ 1947ರವರೆಗೆ ಈ ಜಿಲ್ಲೆಗಿದ್ದ ಹೆಸರು ಕಡೂರು ಜಿಲ್ಲೆ. ಅವರು ಹುಟ್ಟಿದ ವರ್ಷದ ಕಾಗದಪತ್ರ ಹುಡುಕುವವರು ಚಿಕ್ಕಮಗಳೂರು ಜಿಲ್ಲೆ ಎಂದು ಹುಡುಕಿದರೆ ಕೈಗೆ ಏನೂ ಸಿಗುವುದಿಲ್ಲ. ಅಜ್ಜಂಪುರದ್ದು ಇತ್ತೀಚಿನ ಕಥೆ: ತರೀಕೆರೆ ತಾಲ್ಲೂಕಿನಲ್ಲಿದ್ದ ಊರು ಈಗ ತಾನೇ ತಾಲ್ಲೂಕು ಕೇಂದ್ರ. ಹಳೆಯ ಆಧಾರಗಳನ್ನು ನಂಬಿ ಬರೆದವರೂ ಹೊಸ ಫಲಕ ನೋಡಿ ತಿದ್ದುವವರೂ ಇಬ್ಬರೂ ಸರಿಯೇ. ಚರ್ಚೆ ಪುಟ ಇರುವುದೇ ಇಂಥ ಜಗಳಕ್ಕೆ.

ಚಿತ್ರಪಟದ ಮಾತು. ಪೋಸ್ಟರನ್ನು ಅಂತರ್ಜಾಲದಿಂದ ಎತ್ತಿ, ವಿಕಿಪೀಡಿಯಕ್ಕೆ ಮುಕ್ತ ಚಿತ್ರಗಳನ್ನು ಒದಗಿಸುವ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದರೆ ಅಳಿಸುತ್ತಾರೆ. ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯವೇ 60 ವರ್ಷ. 1974ರ ‘ಭೂತಯ್ಯನ ಮಗ ಅಯ್ಯು’ 2034 ಮುಗಿಯುವವರೆಗೆ ಬಂದಿ. ಗೊರೂರರ ಕಥೆ, ಸಿದ್ಧಲಿಂಗಯ್ಯನವರದೇ ನಿರ್ದೇಶನ, ಲೋಕನಾಥರ ಉಪ್ಪಿನಕಾಯಿ ದೃಶ್ಯ ಯಾರಿಗೆ ಮರೆತಿದೆ? ಆದರೆ ಅದರ ಚಿತ್ರೀಕರಣ ನಡೆದ ಕಳಸಾಪುರ ನಮ್ಮ ಜಿಲ್ಲೆಯಲ್ಲೇ ಇದೆ. ಇಂದಿನ ಊರಿನ ಫೋಟೊ ನೀವೇ ತೆಗೆದು, ಮುಕ್ತ ಪರವಾನಗಿಯಲ್ಲಿ ಹಾಕಲು ಯಾರಪ್ಪಣೆಯೂ ಬೇಡ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೂತ ಸಂಪಾದಕ ಎಷ್ಟೇ ಜಾಣನಾದರೂ ಕೂತಲ್ಲಿಂದ ಇದನ್ನು ಮಾಡಲಾರ.

ಅಟ್ಟದ ಮೇಲೆ ಹಾಡಿನ ಪುಸ್ತಕ ಸಿಕ್ಕರೆ ಪುಟಗಳ ಫೋಟೊ ಹಾಕಬೇಡಿ, ಅದಕ್ಕೂ ಹಕ್ಕುದಾರರಿರುತ್ತಾರೆ. ಹೆಸರು, ವರ್ಷ, ಪ್ರಕಾಶಕರು, ಪುಟ ಸಂಖ್ಯೆ ಗುರುತು ಹಾಕಿಕೊಂಡು ಉಲ್ಲೇಖಕ್ಕೆ ಸೇರಿಸಿ. ಮುದ್ರಣಾಲಯದ ಹೆಸರಿಗೆ ಹಿಂಬದಿಯ ರಟ್ಟಿನ ಅಡಿಯಲ್ಲಿ ಸಣ್ಣಕ್ಷರ ಇದೆಯೇ ನೋಡಿ. ರಟ್ಟು ಹರಿದುಹೋಗಿದ್ದರೆ ಉಳಿದಷ್ಟನ್ನೇ ಬರೆಯಿರಿ.