ಬೇಲಿಯಾಚೆಯ ದನಿ

2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ಮತ ಚಲಾಯಿಸಿದವರ ಪೈಕಿ ಶೇ. 51.9 ಮಂದಿ ಐರೋಪ್ಯ ಒಕ್ಕೂಟದಿಂದ ಹೊರಬರುವುದೇ ಸರಿ ಎಂದರು. ನಾಲ್ಕು ತಿಂಗಳೊಳಗೆ ಆಲಿ ಸ್ಮಿತ್ ಅವರ ‘ಆಟಮ್’ ಕಾದಂಬರಿ ಪ್ರಕಟವಾಯಿತು. ಊರಿನ ಸಾರ್ವಜನಿಕ ಜಾಗಕ್ಕೆ ಹಾಕಿದ ವಿದ್ಯುತ್ ಬೇಲಿ ಅದರ ಮುಖ್ಯ ರೂಪಕ. ನೆರೆಹೊರೆಯವರೇ ಪರಕೀಯರಾಗುವ ದಿಗಿಲನ್ನು ಸ್ಮಿತ್ ಚೆನ್ನಾಗಿ ಹಿಡಿದಿದ್ದಾರೆ. ಆದರೆ ಒಕ್ಕೂಟ ಬೇಡವೆಂದವರು ಅಲ್ಲಿ ಹೆಚ್ಚಾಗಿ ಗೋಡೆಬರಹವಾಗಿ, ಬೀದಿಯ ಬೈಗುಳವಾಗಿ ಬರುತ್ತಾರೆ. ಅವರ ಮನಸ್ಸಿನೊಳಗೆ ಕಾದಂಬರಿ ಇಳಿಯುವುದಿಲ್ಲ.

ಜೊನಾಥನ್ ಕೋ ಅವರ ‘ಮಿಡ್ಲ್ ಇಂಗ್ಲೆಂಡ್’ (2018) ಆ ಕಡೆಗೂ ಒಂದು ಹೆಜ್ಜೆ ಇಡುತ್ತದೆ. ತನಗೆ ಸಿಗಬೇಕಿದ್ದ ಬಡ್ತಿ ಏಷ್ಯಾ ಮೂಲದ ಸಹೋದ್ಯೋಗಿಗೆ ಹೋಯಿತೆಂಬ ಕಹಿ ಇಯಾನ್‌ನಲ್ಲಿ ಉಳಿಯುತ್ತದೆ. ಜನಮತಗಣನೆ ಅವನ ಮತ್ತು ಸೋಫಿಯ ದಾಂಪತ್ಯವನ್ನು ಒಡೆಯುತ್ತದೆ. ಆದರೂ ಸೋಫಿಯ ಗೊಂದಲಕ್ಕೆ ಸಿಕ್ಕ ಸೂಕ್ಷ್ಮತೆ ಇಯಾನ್‌ನ ಕಹಿಗೆ ಸಿಕ್ಕಿಲ್ಲ.

‘ನಿಜವಾದ ಜನ ನಾವು ಮಾತ್ರ’ ಎನ್ನುವುದೇ ಪಾಪ್ಯುಲಿಸಂನ ಬಂಡವಾಳ. ಅದನ್ನು ವಿರೋಧಿಸುವ ಸಾಹಿತ್ಯವೂ ಅರ್ಧದಷ್ಟು ಮತದಾರರನ್ನು ಬರೀ ಗದ್ದಲವೆಂದು ಕೇಳಿಸಿಕೊಂಡರೆ, ಅದೇ ವಿಂಗಡಣೆಯನ್ನು ಇನ್ನೊಂದು ತುದಿಯಿಂದ ಮಾಡಿದಂತೆ. ಲಿಂಕನ್‌ಶೈರಿನ ಬಾಸ್ಟನ್‌ನಲ್ಲಿ ಶೇ. 75ಕ್ಕೂ ಹೆಚ್ಚು ಮಂದಿ ಹೊರಬರುವ ಪರ ಮತ ಹಾಕಿದ್ದರು. ಅವರನ್ನು ಒಪ್ಪದೆಯೂ ಅವರ ಒಳಗನ್ನು ಹೊಗುವ ಕೆಲಸವನ್ನು ಈ ಎರಡೂ ಕೃತಿಗಳು ಬಾಕಿ ಉಳಿಸಿವೆ.